ರಕ್ತದೊಳಗಿನ ಗುರುತು: ಏನು ಹೇಳುತ್ತದೆ, ಏನು ಹೇಳುವುದಿಲ್ಲ?



ನಾವು ಈಗ ಓದಲು ಕಲಿತಿದ್ದೇವೆ. ಬಸ್ಸಿನ ಬೋರ್ಡು ಓದುತ್ತೇವೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎಷ್ಟು ಜಮಾ ಆಯಿತು ಎಂದು ನೋಡುತ್ತೇವೆ. ಇನ್ನೊಂದು ಕಾಗದವನ್ನೂ ನಾವು ತಿಳಿದುಕೊಳ್ಳಬೇಕು. ಅದು ಲ್ಯಾಬಿನಿಂದ ಬರುವ ರಕ್ತದ ರಿಪೋರ್ಟು.

ರಿಪೋರ್ಟು ಇಂಗ್ಲಿಷಿನಲ್ಲಿ ಇರುತ್ತದೆ. ಆದರೆ ಅಂಕಿಗಳು ನಮಗೆ ಗೊತ್ತು. ಒಂದು ಕಡೆ ನಮ್ಮ ಅಂಕಿ ಇರುತ್ತದೆ. ಅದರ ಪಕ್ಕದಲ್ಲಿ "ಇಷ್ಟರೊಳಗೆ ಇರಬೇಕು" ಎಂಬ ಅಂಕಿ ಇರುತ್ತದೆ. ನಮ್ಮ ಅಂಕಿ ಹೆಚ್ಚಾಗಿದ್ದರೆ ಎದೆ ಡವಡವ ಅನ್ನುತ್ತದೆ. ಕಡಿಮೆ ಇದ್ದರೆ "ಸದ್ಯ, ಪಾರಾದೆ" ಅನ್ನಿಸುತ್ತದೆ.

ಆದರೆ ಕೆಲವು ಅಂಕಿಗಳು ನಮ್ಮನ್ನು ಸುಮ್ಮನೆ ಹೆದರಿಸುತ್ತವೆ. ಕೆಲವು ಸಲ ಸುಮ್ಮನೆ ಧೈರ್ಯವನ್ನೂ ಕೊಡುತ್ತವೆ. ಅಂಥ ಒಂದು ಅಂಕಿಯ ಬಗ್ಗೆ ಈ ಪಾಠ. ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಸಂಬಂಧಿಸಿದ್ದು.

ಹೊಟ್ಟೆಯೊಳಗೆ ಅಡಗಿದ ಅಂಗ

ಮೇದೋಜೀರಕ ಗ್ರಂಥಿ ನಮ್ಮೆಲ್ಲರ ಹೊಟ್ಟೆಯಲ್ಲಿದೆ. ಇದು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿದೆ. ಉದ್ದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ತೂಕ 100 ಗ್ರಾಮಿನ ಆಸುಪಾಸು. ಅಂಗ ಸಣ್ಣದು, ಕೆಲಸ ದೊಡ್ಡದು.

ಇದು ಎರಡು ಕೆಲಸ ಮಾಡುತ್ತದೆ. ಒಂದು, ತಿಂದ ರೊಟ್ಟಿ, ಪಲ್ಯ, ಎಣ್ಣೆ ಜೀರ್ಣವಾಗಲು ರಸ ಕೊಡುತ್ತದೆ. ಎರಡು, ರಕ್ತದಲ್ಲಿ ಸಕ್ಕರೆ ಹೆಚ್ಚಾಗದಂತೆ ನೋಡಿಕೊಳ್ಳುವ ಇನ್ಸುಲಿನ್ ಎಂಬ ರಸ ಕೊಡುತ್ತದೆ.

ಈ ಅಂಗದಲ್ಲಿ ಕೆಟ್ಟ ಗಡ್ಡೆ ಬೆಳೆಯುವುದೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ನಮ್ಮ ದೇಶದಲ್ಲಿ ಈ ರೋಗ ಕಡಿಮೆ. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಂದೆರಡು ಜನರಿಗೆ ಮಾತ್ರ ಬರುತ್ತದೆ. ಆದರೆ ಬಂದರೆ ಬಹಳ ಕಠಿಣ. ಏಕೆ?

ಎದೆಯಲ್ಲಿ ಗಂಟಾದರೆ ಕೈಗೆ ಸಿಗುತ್ತದೆ. ಬಾಯಲ್ಲಿ ಹುಣ್ಣಾದರೆ ಕನ್ನಡಿಯಲ್ಲಿ ಕಾಣುತ್ತದೆ. ಈ ಗಡ್ಡೆ ಹೊಟ್ಟೆಯ ಹಿಂಭಾಗದಲ್ಲಿ ಅಡಗಿರುತ್ತದೆ. ಕೈಗೆ ಸಿಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಮೊದಮೊದಲು ನೋವೂ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಎಷ್ಟೋ ಜನರಲ್ಲಿ ಅದು ಬೇರೆ ಕಡೆ ಹರಡಿರುತ್ತದೆ. ಗೊತ್ತಾದ 100 ಜನರಲ್ಲಿ 15ರಿಂದ 20 ಜನರಿಗೆ ಮಾತ್ರ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆಯಲು ಸಾಧ್ಯವಾಗುತ್ತದೆ.

ನಮ್ಮ ಪಕ್ಕದ ಗೋವಾ ರಾಜ್ಯದ ಮುಖ್ಯಮಂತ್ರಿ ಮನೋಹರ ಪರ್ರಿಕರ್ ಅವರ ಹೆಸರು ಕೇಳಿದ್ದೀರಿ. ಗೋವಾಕ್ಕೆ ದುಡಿಯಲು ಹೋಗಿ ಬಂದವರಿಗಂತೂ ಚೆನ್ನಾಗಿ ಗೊತ್ತು. ಅವರಿಗೆ ಬಂದದ್ದು ಇದೇ ರೋಗ. 2018ರ ಫೆಬ್ರವರಿಯಲ್ಲಿ ಅವರು ಆಸ್ಪತ್ರೆಗೆ ಸೇರಿದರು. ಮುಂಬಯಿ, ಅಮೇರಿಕಾ, ದಿಲ್ಲಿ, ಎಲ್ಲ ಕಡೆ ಚಿಕಿತ್ಸೆ ಆಯಿತು. 2019ರ ಮಾರ್ಚ್ 17ರಂದು ತೀರಿಕೊಂಡರು. ಆಗ ಅವರ ವಯಸ್ಸು 63. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು ಎಲ್ಲ ಇದ್ದರೂ ಈ ರೋಗ ಎಷ್ಟು ಕಠಿಣ ಎಂಬುದು ಇದರಿಂದ ತಿಳಿಯುತ್ತದೆ.

ಅದಕ್ಕೇ ಎಲ್ಲರೂ ಕೇಳುತ್ತಾರೆ: "ಒಂದು ಹನಿ ರಕ್ತ ನೋಡಿ ಮೊದಲೇ ಹೇಳಾಕ ಬರೂದಿಲ್ಲೇನ್ರಿ?"

ರಕ್ತದಲ್ಲಿ ಗುರುತು ಹೇಗೆ ಬರುತ್ತದೆ?

ಕ್ಯಾನ್ಸರ್ ಗಡ್ಡೆಯಿಂದ ಕೆಲವು ಪದಾರ್ಥಗಳು ಹೊರಬಂದು ರಕ್ತದಲ್ಲಿ ಸೇರುತ್ತವೆ. ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡಿದರೆ ಅವು ಎಷ್ಟಿವೆ ಎಂದು ತಿಳಿಯುತ್ತದೆ. ಇವಕ್ಕೆ ಕ್ಯಾನ್ಸರಿನ ರಕ್ತದ ಗುರುತು ಎನ್ನಬಹುದು. ಡಾಕ್ಟರರು ಟ್ಯೂಮರ್ ಮಾರ್ಕರ್ ಎನ್ನುತ್ತಾರೆ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಹೆಚ್ಚಾಗಿ ನೋಡುವ ಗುರುತಿನ ಹೆಸರು ಸಿ.ಎ. 19-9. ಇದನ್ನು "ಸಿ.ಎ. ಹತ್ತೊಂಬತ್ತು-ಒಂಬತ್ತು" ಎಂದು ಓದಿರಿ. ಅಮೇರಿಕಾದ ಫಿಲಡೆಲ್ಫಿಯಾ ನಗರದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೋವ್‌ಸ್ಕಿ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1979ರಲ್ಲಿ ಮಾಡಿದ ಸಂಶೋಧನೆಯಿಂದ ಇದು ತಿಳಿದುಬಂತು.

ಸಾಮಾನ್ಯವಾಗಿ ರಿಪೋರ್ಟಿನಲ್ಲಿ ಇದು 37ರೊಳಗೆ ಇರಬೇಕು ಎಂದು ಬರೆದಿರುತ್ತಾರೆ. 37ಕ್ಕಿಂತ ಹೆಚ್ಚಾದರೆ ಕ್ಯಾನ್ಸರ್, ಕಡಿಮೆಯಾದರೆ ಇಲ್ಲ. ಇಷ್ಟು ಸರಳವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹಾಗಿಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯ ಕಾರಣ: ಅಂಕಿ ಹೆಚ್ಚಾದರೂ ಕ್ಯಾನ್ಸರ್ ಇಲ್ಲದಿರಬಹುದು

ಮಳೆಗಾಲದಲ್ಲಿ ನಮ್ಮ ಕೃಷ್ಣಾ ನದಿಗೆ ಕೆಂಪು ನೀರು ಬರುತ್ತದೆ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರು ಅದನ್ನು ನೋಡಿದ ಕೂಡಲೇ "ಮ್ಯಾಲ ಮಳಿ ಆಗೇತಿ" ಅನ್ನುತ್ತೇವೆ. ಆದರೆ ಮಳೆ ಎಲ್ಲಿ ಆಯಿತು? ಮಹಾಬಳೇಶ್ವರದಲ್ಲೋ? ಕೊಯ್ನಾ ಕಡೆಯೋ? ಪಂಚಗಂಗಾ ಕಡೆಯೋ? ಅದನ್ನು ನೀರು ಹೇಳುವುದಿಲ್ಲ.

ಸಿ.ಎ. 19-9 ಕೂಡ ಹಾಗೆಯೇ. ಎಲ್ಲೋ ಏನೋ ಆಗಿದೆ ಎಂದು ಹೇಳುತ್ತದೆ. ಏನಾಗಿದೆ ಎಂದು ಹೇಳುವುದಿಲ್ಲ. ಪಿತ್ತಕೋಶದಲ್ಲಿ ಹರಳಾಗಿ ಪಿತ್ತದ ನಾಳ ಕಟ್ಟಿದರೂ ಅದು ಏರುತ್ತದೆ. ಮೇದೋಜೀರಕ ಗ್ರಂಥಿಗೆ ಬಾವು ಬಂದರೂ ಏರಬಹುದು. ಯಕೃತ್ತು ಕೆಟ್ಟರೂ ಏರಬಹುದು. ಕರುಳು, ಜಠರ, ಪಿತ್ತನಾಳದ ಕ್ಯಾನ್ಸರಿನಲ್ಲೂ ಏರಬಹುದು. ಪಿತ್ತನಾಳ ಕಟ್ಟಿದ್ದರಿಂದ ಏರಿದ್ದರೆ, ಅದನ್ನು ಬಿಡಿಸಿದ ಮೇಲೆ ಅಂಕಿ ತಾನೇ ಇಳಿಯುತ್ತದೆ.

ಎರಡನೆಯ ಕಾರಣ: ಕ್ಯಾನ್ಸರ್ ಇದ್ದರೂ ಅಂಕಿ ಏರದಿರಬಹುದು

ನಮ್ಮ ರಕ್ತದಲ್ಲಿ ಎ, ಬಿ, ಓ ಎಂಬ ಗುಂಪುಗಳಿವೆ. ಇದು ನಿಮಗೆ ಗೊತ್ತು. ಲೂಯಿಸ್ ಎಂಬ ಇನ್ನೊಂದು ಗುಂಪೂ ಇದೆ. 100 ಜನರಲ್ಲಿ ಸುಮಾರು 5ರಿಂದ 10 ಜನರ ಮೈಯಲ್ಲಿ ಈ ಲೂಯಿಸ್ ಗುಣ ಇರುವುದಿಲ್ಲ. ಅದು ರೋಗವಲ್ಲ, ಹುಟ್ಟಿನಿಂದ ಬಂದದ್ದು. ಅಂಥವರ ಮೈ ಸಿ.ಎ. 19-9 ಎಂಬ ಪದಾರ್ಥವನ್ನು ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ಅವರಿಗೆ ಗಡ್ಡೆ ದೊಡ್ಡದಾಗಿ ಬೆಳೆದರೂ ರಿಪೋರ್ಟಿನಲ್ಲಿ ಅಂಕಿ ಕಡಿಮೆಯೇ ಇರಬಹುದು.

ಮೂರನೆಯ ಕಾರಣ: ಬೇಕಾದಾಗ ಏರುವುದಿಲ್ಲ

ಗಡ್ಡೆ ಸಣ್ಣದಿದ್ದಾಗ ಗೊತ್ತಾದರೆ ನಮಗೆ ಲಾಭ. ಆದರೆ ಗಡ್ಡೆ ಸಣ್ಣದಿದ್ದಾಗ ಎಷ್ಟೋ ಜನರಲ್ಲಿ ಈ ಅಂಕಿ ಏರಿರುವುದಿಲ್ಲ.

ಒಂದು ಲೆಕ್ಕ ಮಾಡೋಣ

ನಾವು ಲೆಕ್ಕವನ್ನೂ ಕಲಿತಿದ್ದೇವಲ್ಲ! ಒಂದು ದೊಡ್ಡ ಊರು ಇದೆ ಎಂದು ಇಟ್ಟುಕೊಳ್ಳೋಣ. ಅಲ್ಲಿ 10,000 ಜನರಿದ್ದಾರೆ. ಯಾರಿಗೂ ಏನೂ ತೊಂದರೆ ಇಲ್ಲ. ಆದರೂ ಎಲ್ಲರ ರಕ್ತವನ್ನೂ ತಪಾಸಣೆ ಮಾಡಿದರು. 100ಕ್ಕೆ 5 ಜನರಿಗೆ ಬೇರೆ ಬೇರೆ ಕಾರಣದಿಂದ ಅಂಕಿ ಹೆಚ್ಚು ಬಂತು ಎಂದು ಹಿಡಿಯೋಣ.

100ಕ್ಕೆ 5 ಆದರೆ 1,000ಕ್ಕೆ 50. 10,000ಕ್ಕೆ 500.

ಆ 500 ಮನೆಗಳಲ್ಲಿ ಅಂದು ರಾತ್ರಿ ಯಾರೂ ಊಟ ಮಾಡುವುದಿಲ್ಲ. ಸ್ಕ್ಯಾನಿಂಗಿಗೆ ಓಡುತ್ತಾರೆ. ಸಾಲ ಮಾಡುತ್ತಾರೆ. ಕೊರಳಿನ ಬಂಗಾರ ಒತ್ತೆ ಇಡುತ್ತಾರೆ. ಆದರೆ ಆ ಊರಿನಲ್ಲಿ ಈ ಕ್ಯಾನ್ಸರ್ ಇರುವವರು ಒಬ್ಬರು ಇರಬಹುದು. ಒಬ್ಬರೂ ಇಲ್ಲದಿರಬಹುದು. ಇದ್ದ ಒಬ್ಬರಿಗೇ ಅಂಕಿ ಕಡಿಮೆ ಬಂದಿರಲೂಬಹುದು!

ಆದ್ದರಿಂದ ಯಾವ ತೊಂದರೆಯೂ ಇಲ್ಲದವರು ಕ್ಯಾನ್ಸರ್ ಹುಡುಕಲೆಂದು ಈ ತಪಾಸಣೆ ಮಾಡಿಸಬಾರದು. ತೊಂದರೆ ಇಲ್ಲದ ಸಾಮಾನ್ಯ ಜನರಲ್ಲಿ ಈ ಕ್ಯಾನ್ಸರನ್ನು ಹುಡುಕುತ್ತ ಹೋಗುವುದು ಬೇಡ ಎಂದು ಅಮೇರಿಕಾದ ತಜ್ಞರ ಸಮಿತಿ 2004ರಲ್ಲಿ ಹೇಳಿತು. 2019ರಲ್ಲಿ ಮತ್ತೆ ಅದನ್ನೇ ಹೇಳಿತು. "ಇಡೀ ಮೈ ತಪಾಸಣೆ, ಕ್ಯಾನ್ಸರ್ ಗುರುತು ಸಹಿತ" ಎಂದು ಯಾರಾದರೂ ಚೀಟಿ ಹಂಚಿದರೆ ಕೂಡಲೇ ಹಣ ಕೊಡಬೇಡಿ. ಮೊದಲು ಡಾಕ್ಟರನ್ನು ಕೇಳಿ.

ಹಾಗಾದರೆ ಈ ತಪಾಸಣೆ ಯಾತಕ್ಕೆ?

ಇದು ಕೆಲಸಕ್ಕೆ ಬಾರದ ತಪಾಸಣೆ ಅಲ್ಲ. ಸರಿಯಾದ ಜಾಗದಲ್ಲಿ ಬಳಸಿದರೆ ಬಹಳ ಉಪಯೋಗ.

ಒಬ್ಬರಿಗೆ ರೋಗದ ಲಕ್ಷಣಗಳಿವೆ. ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಂಡಿದೆ. ಆಗ ಡಾಕ್ಟರರು ಈ ರಕ್ತ ತಪಾಸಣೆ ಬರೆದುಕೊಡುತ್ತಾರೆ. ಆಪರೇಷನ್ ಆದ ಮೇಲೆ ಮತ್ತೆ ನೋಡುತ್ತಾರೆ. 800 ಇದ್ದದ್ದು 30ಕ್ಕೆ ಇಳಿದರೆ ಚಿಕಿತ್ಸೆ ಹಿಡಿದಿದೆ ಎಂದು ತಿಳಿಯಬಹುದು. ಕೆಲವು ತಿಂಗಳ ನಂತರ ಮತ್ತೆ ಏರತೊಡಗಿದರೆ, ರೋಗ ತಿರುಗಿ ಬಂದಿದೆಯೋ ಎಂದು ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ. ಒಬ್ಬರದೇ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವುದೇ ಇದರ ದೊಡ್ಡ ಉಪಯೋಗ.

ಅದಕ್ಕೇ ಹಳೆಯ ರಿಪೋರ್ಟುಗಳನ್ನು ಒಲೆಗೆ ಹಾಕಬೇಡಿ. ತಾರೀಖಿನ ಪ್ರಕಾರ ಒಂದು ಚೀಲದಲ್ಲಿ ಜೋಡಿಸಿ ಇಡಿ. ಪ್ರತಿ ಸಲ ಆ ಚೀಲ ತೆಗೆದುಕೊಂಡು ಹೋಗಿ.

ನಮ್ಮ ಕಣ್ಣಿಗೆ ಕಾಣುವ ಗುರುತುಗಳು

ರಕ್ತದ ಗುರುತು ಲ್ಯಾಬಿನಲ್ಲಿ ಕಾಣುತ್ತದೆ. ಅದಕ್ಕಿಂತ ಮೊದಲು ಮನೆಯಲ್ಲಿ ಕಾಣುವ ಗುರುತುಗಳಿವೆ. ಇವನ್ನು ನೋಡಲು ಖರ್ಚಿಲ್ಲ.

ಮೊದಲನೆಯದು ಕಾಮಣಿ. ಪಿತ್ತರಸದ ನಾಳ ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು ಹಾಯ್ದು ಕರುಳಿಗೆ ಹೋಗುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ನಾಳ ಒತ್ತಿಕೊಳ್ಳುತ್ತದೆ. ಕಬ್ಬಿನ ಹೊಲಕ್ಕೆ ನೀರು ಬಿಟ್ಟಾಗ ಕಾಲುವೆಗೆ ಮಣ್ಣು ಕುಸಿದರೆ ಏನಾಗುತ್ತದೆ? ನೀರು ಮುಂದೆ ಹೋಗದೆ ಹಿಂದೆ ತುಂಬಿಕೊಳ್ಳುತ್ತದೆ. ಹಾಗೆಯೇ ಪಿತ್ತ ಹಿಂದೆ ತುಂಬಿ ರಕ್ತಕ್ಕೆ ಸೇರುತ್ತದೆ. ಆಗ ಕಣ್ಣು ಹಳದಿಯಾಗುತ್ತದೆ. ಮೂತ್ರ ಕಡು ಚಹಾದಂತೆ ಆಗುತ್ತದೆ. ಮಲ ಮಾತ್ರ ಬಿಳಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮೈಯೆಲ್ಲ ತುರಿಸುತ್ತದೆ. ಕೆಲವರಿಗೆ ಹೊಟ್ಟೆ ನೋವೇ ಇರುವುದಿಲ್ಲ.

ಎರಡನೆಯದು ನೋವು. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವು. ಅಂಗಾತ ಮಲಗಿದರೆ ಹೆಚ್ಚು, ಮುಂದೆ ಬಾಗಿ ಕುಳಿತರೆ ಸ್ವಲ್ಪ ಕಡಿಮೆ.

ಮೂರನೆಯದು ತೂಕ ಇಳಿಯುವುದು. ತಕ್ಕಡಿ ಬೇಕಾಗಿಲ್ಲ. ಬಿಗಿಯಾಗಿದ್ದ ಬಳೆ ಮೊಣಕೈವರೆಗೆ ಜಾರುತ್ತದೆ. ಕುಪ್ಪಸ ಸಡಿಲವಾಗುತ್ತದೆ. ಹಸಿವು ಸತ್ತುಹೋಗುತ್ತದೆ.

ನಾಲ್ಕನೆಯದು ಸಕ್ಕರೆ ಕಾಯಿಲೆ. 50 ವರ್ಷ ದಾಟಿದ ಮೇಲೆ ಒಮ್ಮೆಲೇ ಶುಗರ್ ಬಂತು. ಮೈ ಬೇರೆ ಸೊರಗುತ್ತಿದೆ. ಆಗ ಡಾಕ್ಟರಿಗೆ ಎರಡನ್ನೂ ಹೇಳಬೇಕು. ಈ ವಯಸ್ಸಿನಲ್ಲಿ ಹೊಸದಾಗಿ ಶುಗರ್ ಬಂದ 100 ಜನರಲ್ಲಿ ಸುಮಾರು ಒಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಕಂಡುಬರುತ್ತದೆ. ಉಳಿದ 99 ಜನರಿಗೆ ಅದು ಬರೀ ಶುಗರ್. ಆದ್ದರಿಂದ ಹೆದರುವುದು ಬೇಡ, ಹೇಳದೆ ಇರುವುದೂ ಬೇಡ.

ಕಾಮಣಿಗೆ ಬರೆ ಬೇಡ

ಕಾಮಣಿ ಬಂದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಣಿಯೇ ನಮ್ಮಲ್ಲಿ ಹೆಚ್ಚು. ಅದು ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಅದಕ್ಕೇ ತೋಳಿಗೆ ಬರೆ ಹಾಕಿಸಿದವರು, ಮೂಗಿಗೆ ರಸ ಬಿಡಿಸಿದವರು "ನಮಗ ಅದರಿಂದನ ಆರಾಮ ಆತು" ಎನ್ನುತ್ತಾರೆ.

ಆದರೆ ನಾಳ ಕಟ್ಟಿ ಬಂದ ಕಾಮಣಿ ಬರೆಯಿಂದ ಹೋಗುವುದಿಲ್ಲ. ಒಬ್ಬ ತಾಯಿಗೆ ಕಣ್ಣು ಹಳದಿಯಾಯಿತು ಎಂದು ಇಟ್ಟುಕೊಳ್ಳೋಣ. ಮೊದಲು ಬರೆ. ಒಂದು ತಿಂಗಳು ಪಥ್ಯ. "ಕಬ್ಬು ಫ್ಯಾಕ್ಟರಿಗೆ ಹೋಗ್ಲಿ, ಆಮ್ಯಾಲ ನೋಡೂಣು" ಎಂದು ಇನ್ನೊಂದು ತಿಂಗಳು. ಮಗಳ ಪರೀಕ್ಷೆ ಎಂದು ಮತ್ತೆ ಹದಿನೈದು ದಿನ. ಗಂಡನಿಗೆ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ತಾಯಿ, ತನ್ನ ಸರದಿಯನ್ನು ಎಲ್ಲರಿಗಿಂತ ಹಿಂದೆ ಇಡುತ್ತಾಳೆ. ಅಷ್ಟರಲ್ಲಿ ತೆಗೆಯಬಹುದಾಗಿದ್ದ ಗಡ್ಡೆ ತೆಗೆಯಲಾಗದ ಗಡ್ಡೆಯಾಗಬಹುದು.

ಕಣ್ಣು ಹಳದಿಯಾದರೆ ಒಂದು ವಾರದೊಳಗೆ ಡಾಕ್ಟರಿಗೆ ತೋರಿಸಿ. ಮಲ ಬಿಳಿಯಾಗಿದ್ದರೆ, ಮೈ ತುರಿಸುತ್ತಿದ್ದರೆ ಅದನ್ನೂ ಹೇಳಿ. ಇದರಲ್ಲಿ ನಾಚಿಕೆ ಬೇಡ. ಜೊತೆಗೆ ಜ್ವರ, ಚಳಿ ಬಂದರೆ ಅದೇ ದಿನ ಹೋಗಿ.

ಎಲ್ಲಿಗೆ ಹೋಗಬೇಕು?

ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲೂಕಿನ ಸರಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಕಾಮಣಿಯ ರಕ್ತ ತಪಾಸಣೆ ಮಾಡುತ್ತಾರೆ. ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಅನುಮಾನ ಬಂದರೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ಅಥವಾ ಬೇರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಕ್ಯಾನ್ಸರಿಗಾಗಿಯೇ ಇರುವ ಕಿದ್ವಾಯಿ ಆಸ್ಪತ್ರೆ ಇದೆ. ಕಾಗವಾಡ, ಅಥಣಿ ಕಡೆಯವರು ಮಿರಜಕ್ಕೂ, ನಿಪ್ಪಾಣಿ ಕಡೆಯವರು ಕೊಲ್ಲಾಪುರಕ್ಕೂ ಹೋಗುವುದುಂಟು. ಗಡಿ ದಾಟಿ ಹೋಗುವ ಮೊದಲು "ನಮ್ಮ ಕಾರ್ಡು ನಿಮ್ಮಲ್ಲಿ ನಡೀತೈತೇನ್ರಿ?" ಎಂದು ಕೇಳಿಕೊಳ್ಳಿ.

ಕಾರ್ಡು ಎಂದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡು. ಈ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ರೇಷನ್ ಕಾರ್ಡು ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಕೇಳಿ ಪಡೆಯಿರಿ. ಬಂಗಾರ ಒತ್ತೆ ಇಡುವ ಮೊದಲು ಈ ಚೀಟಿಯ ವಿಚಾರ ಮಾಡಿ. ಆರೋಗ್ಯದ ವಿಷಯ ಕೇಳಲು 104ಕ್ಕೆ ಫೋನು ಮಾಡಬಹುದು.

ತಂಬಾಕಿನ ಮಾತು

ನಮ್ಮ ನಿಪ್ಪಾಣಿ ಎಂದರೆ ತಂಬಾಕು. ಎಷ್ಟೋ ಅಕ್ಕಂದಿರು ಬೀಡಿ ಕಟ್ಟಿ, ತಂಬಾಕಿನ ವಖಾರಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದ್ದಾರೆ. ಅದು ಅವರ ಅನ್ನ. ಆದರೆ ಅದೇ ತಂಬಾಕನ್ನು ಬಾಯಿಗೆ ಹಾಕುವುದು ಬೇರೆ ಮಾತು.

ನಮ್ಮ ಕಡೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರೆ. ಅದಕ್ಕೆ ಮಿಶ್ರಿ ಅನ್ನುತ್ತಾರೆ. "ಬೀಡಿ ಸೇದೂದು ಗಂಡಸರ ಚಟಾ, ನಾವು ಬರೇ ಹಲ್ಲ ತಿಕ್ಕತೇವಿ" ಎಂದು ಹೇಳುವವರಿದ್ದಾರೆ. ಆದರೆ ಮಿಶ್ರಿಯೂ ತಂಬಾಕೇ. ಎಲೆ ಅಡಿಕೆ ಜೊತೆ ಹಾಕುವ ಜರ್ದಾ, ಗುಟಕಾ ಇವೂ ತಂಬಾಕೇ. ಅದರ ವಿಷ ಬಾಯಿಯಿಂದ ರಕ್ತಕ್ಕೆ ಸೇರಿ ಇಡೀ ಮೈಯನ್ನು ಸುತ್ತುತ್ತದೆ. ಹೊಗೆ ಇಲ್ಲದ ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಮಾತ್ರವಲ್ಲ, ಮೇದೋಜೀರಕ ಗ್ರಂಥಿಯ ಕ್ಯಾನ್ಸರೂ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರ ವರದಿಯಲ್ಲಿ ಹೇಳಿದೆ. ಬೀಡಿ, ಸಿಗರೇಟು ಸೇದುವವರಿಗೂ ಈ ರೋಗದ ಅಪಾಯ ಹೆಚ್ಚು.

ಬಿಡಲು ಸಹಾಯ ಬೇಕಾದರೆ 1800-11-2356 ನಂಬರಿಗೆ ಫೋನು ಮಾಡಿ. ಇದಕ್ಕೆ ದುಡ್ಡು ಇಲ್ಲ.

ಅಕ್ಕಂದಿರ ಪ್ರಶ್ನೆಗಳು

"ಅಕ್ಕೋರ, ನಮ್ಮವ್ವಗ ಈ ಬ್ಯಾನಿ ಆಗಿತ್ರಿ. ನನಗೂ ಬರ್ತೈತೇನ್ರಿ?"
ಇದು ಅಂಟುರೋಗ ಅಲ್ಲ. ಹೆಚ್ಚಿನವರಿಗೆ ಇದು ಮನೆತನದಿಂದ ಬರುವುದಿಲ್ಲ. ತಾಯಿಗೆ ಬಂದಿದ್ದರೆ ಮಗಳಿಗೆ ಅಪಾಯ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಒಂದೇ ರಕ್ತಸಂಬಂಧದಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ ಡಾಕ್ಟರಿಗೆ ಹೇಳಬೇಕು. ಅಂಥವರನ್ನು ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ.

"ಸೂಜಿ ಚುಚ್ಚಿ ಗಡ್ಡಿ ಚೂರು ತಗದ್ರ ರೋಗ ಹರಡತೈತಿ ಅಂತಾರಲ್ರಿ?"
ಈ ಹೆದರಿಕೆ ಬಹಳ ಜನರಲ್ಲಿದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಆ ಚೂರೇ, ರಕ್ತದ ಅಂಕಿ ಅಲ್ಲ. ಅದರಿಂದ ರೋಗ ಹರಡುವುದು ಬಹಳ ಅಪರೂಪ. ಈ ಹೆದರಿಕೆಯಿಂದ ತಪಾಸಣೆ ಬಿಟ್ಟರೆ ನಷ್ಟ ನಮಗೇ.

"ಇದಕ್ಕಿಂತ ಚಲೋ ರಕ್ತ ತಪಾಸಣಿ ಬರೂದಿಲ್ಲೇನ್ರಿ?"
ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಪಂಚಾಯ್ತಿಯಲ್ಲಿ ಒಬ್ಬನೇ ಸಾಕ್ಷಿ ಹೇಳಿದರೆ ಸಂಶಯ. ನಾಲ್ಕು ಮಂದಿ ಒಂದೇ ಮಾತು ಹೇಳಿದರೆ ನಂಬಿಕೆ. ಹಾಗೆ ಹಲವು ಗುರುತುಗಳನ್ನು ಒಟ್ಟಿಗೆ ನೋಡುವ ಪ್ರಯತ್ನ ನಡೆದಿದೆ. 2017ರಲ್ಲಿ ಅಮೇರಿಕಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸಿ.ಎ. 19-9ರ ಜೊತೆ ಇನ್ನೊಂದು ಗುರುತನ್ನು ಸೇರಿಸಿ ನೋಡಿದರು. ಎರಡನ್ನೂ ಸೇರಿಸಿದಾಗ ಒಂದಕ್ಕಿಂತ ಚೆನ್ನಾಗಿ ತಿಳಿಯಿತು. ಇಂಥ ಕೆಲಸ ಮುಂದುವರಿದಿದೆ.

"ಹಂಗಾದ್ರ ಏನೂ ತ್ರಾಸ ಇಲ್ಲದಾಗ ಯಾವ ತಪಾಸಣಿನೂ ಬ್ಯಾಡೇನ್ರಿ?"
ಬೇಕು! 30 ವರ್ಷ ದಾಟಿದ ಹೆಣ್ಣುಮಕ್ಕಳು ಬಾಯಿ, ಸ್ತನ ಮತ್ತು ಗರ್ಭಕೋಶದ ಬಾಯಿಯ ತಪಾಸಣೆ ಮಾಡಿಸಬೇಕು. ಈ ಮೂರು ಕ್ಯಾನ್ಸರು ನಮ್ಮಲ್ಲಿ ಹೆಚ್ಚು. ಮೊದಲೇ ಸಿಕ್ಕರೆ ವಾಸಿಯಾಗುತ್ತವೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ. ಜೊತೆಗೆ ಬಿ.ಪಿ., ಶುಗರ್ ನೋಡಿಸಿ.

ನೆನಪಿಡಿ

1. ಸಿ.ಎ. 19-9 ಹೆಚ್ಚಾದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ.
2. ಅದು ಕಡಿಮೆ ಇದ್ದರೆ ಕ್ಯಾನ್ಸರ್ ಇಲ್ಲ ಎಂದೂ ಅರ್ಥವಲ್ಲ.
3. ತೊಂದರೆ ಇಲ್ಲದವರಿಗೆ ಈ ತಪಾಸಣೆ ಬೇಡ. ರೋಗ ಇದ್ದವರಿಗೆ ಡಾಕ್ಟರು ಹೇಳಿದಾಗ ಬೇಕು.
4. ಕಣ್ಣು ಹಳದಿ, ಬೆನ್ನಿಗೆ ಹಾಯುವ ನೋವು, ಜಾರುವ ಬಳೆ, ಹೊಸ ಶುಗರ್, ಇವನ್ನು ಅಡಗಿಸಬೇಡಿ.
5. ಮಿಶ್ರಿಯೂ ತಂಬಾಕೇ.

ಓದಿ, ಮಾತಾಡಿ

1. ಕೃಷ್ಣಾ ನದಿಯ ಕೆಂಪು ನೀರಿಗೂ ಸಿ.ಎ. 19-9ಕ್ಕೂ ಏನು ಹೋಲಿಕೆ?
2. ನಿಮ್ಮ ಊರಿನಲ್ಲಿ ಕಾಮಣಿ ಬಂದರೆ ಮೊದಲು ಎಲ್ಲಿಗೆ ಹೋಗುತ್ತಾರೆ? ಏಕೆ?
3. 2,000 ಜನರ ಊರಿನಲ್ಲಿ 100ಕ್ಕೆ 5 ಜನರಿಗೆ ಅಂಕಿ ಹೆಚ್ಚು ಬಂದರೆ ಒಟ್ಟು ಎಷ್ಟು ಜನ? ಲೆಕ್ಕ ಮಾಡಿ ಬರೆಯಿರಿ.
4. ಮನೆಯಲ್ಲಿರುವ ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಡಿ. ಅತ್ತೆಗೆ, ನೆರೆಮನೆಯವರಿಗೆ ಈ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿ.